ಪೆರ್ನಾಲ್ ಮರುದಿನದ ಪಾಯಸ

ಕುಂಬ್ರದ ಪೇಟೆಯಲ್ಲಿ ಬಸ್ಸಿಳಿದು ಕುಂಞಿಪಾತುಮ್ಮನ ಮನೆ ಎಲ್ಲಿ ಅಂತ ಕೇಳಿ ನೋಡಿ. ದಾರಿ ತೋರಿಸುವ ಮೊದಲು ಜನ ಒಮ್ಮೆ ನಗುತ್ತಾರೆ. "ಊಟ ಮಾಡಿ ಬಂದಿದ್ದೀರಾ? ಹಾಗಾದ್ರೆ ಈಗ ಹೋಗ್ಬೇಡಿ ಮಾರಾಯ್ರೆ, ಹಸಿವಾದ ಮೇಲೆ ಹೋಗಿ" ಅನ್ನುವವರೂ ಇದ್ದಾರೆ. ಸುಳ್ಳಲ್ಲ. ಆ ಮನೆಯ ಜಗಲಿ ಹತ್ತಿದವರು ಬಾಯಿಗೆ ಏನಾದರೂ ಹಾಕಿಕೊಳ್ಳದೆ ಇಳಿದದ್ದಿಲ್ಲ. ಅಡುಗೆಮನೆಯಲ್ಲಿ ಉಳಿದದ್ದನ್ನು ಉಳಿಯಗೊಡುವುದು ಅವಳ ಜಾಯಮಾನದಲ್ಲೇ ಇಲ್ಲ.

ಕಲ್ಲಂಗಡಿಯ ಕೆಂಪು ತಿರುಳು ಮಕ್ಕಳ ಹೊಟ್ಟೆಗೆ ಹೋದರೆ ಬಿಳಿ ಭಾಗ ಮರುದಿನ ದೋಸೆಯಾಗುತ್ತದೆ. ಬಾಳೆಕಾಯಿ ಸಿಪ್ಪೆ ಪಲ್ಯಕ್ಕೆ. ನಿನ್ನೆಯ ಅನ್ನ ಅರೆದು ರೊಟ್ಟಿಗೆ. ಗಂಡ ಇಬ್ರಾಹಿಂ ಸಂತೆಯಿಂದ ಸಂತೆಗೆ ಒಣಮೀನು ಮಾರಿ ಈಗ ಮನೆಯಲ್ಲಿ ಕೂತಿರುವ ಮನುಷ್ಯ, ಬಾಯಿಗೆ ಮಾತ್ರ ನಿವೃತ್ತಿ ಇಲ್ಲ. "ನಮ್ಮ ಬೆಕ್ಕು ಬದುಕಿದ್ದು ನೆರೆಮನೆಯವರ ದಯೆಯಿಂದ. ಇವಳು ಮೀನಿನ ಮುಳ್ಳನ್ನೂ ಬಿಡುದಿಲ್ಲ" ಅಂತ ಬಂದವರಿಗೆಲ್ಲ ಹೇಳುತ್ತಾನೆ. ಅವಳು ಕಿವಿಗೆ ಹಾಕಿಕೊಳ್ಳುವುದಿಲ್ಲ. ಅಜ್ಜಾವರದಲ್ಲಿ ಅವಳು ಹುಡುಗಿಯಾಗಿದ್ದಾಗ ತಾಯಿ ಕಂಡವರ ಮನೆಯಲ್ಲಿ ಭತ್ತ ಕುಟ್ಟಿ, ಸಂಜೆ ಅಲ್ಲಿ ಉಳಿದದ್ದನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಬರುತ್ತಿದ್ದಳು. ಯಾರ ಮನೆಯಲ್ಲೂ ಏನೂ ಉಳಿಯದ ದಿನ ಇವರು ನೀರು ಕುಡಿದು ಮಲಗುತ್ತಿದ್ದರು. ಆ ಕಥೆಯನ್ನು ಕುಂಞಿಪಾತುಮ್ಮ ಯಾರಿಗೂ ಹೇಳುವುದಿಲ್ಲ. ಹೇಳಿದರೆ ಸೊಸೆ ರಸೀನಾಳಿಗೆ ಬೇಸರ, ಮೊಮ್ಮಕ್ಕಳಿಗೆ ಆಕಳಿಕೆ.

ಸೊಸೆ ಪಾಪ, ಒಳ್ಳೆಯವಳೇ. ಆದರೆ ಫ್ರಿಜ್ಜಿನ ಬಾಗಿಲು ತೆಗೆದಾಗಲೆಲ್ಲ ಒಂದು ಡಬ್ಬಿ ಕಾಲಮೇಲೆ ಬಿದ್ದರೆ ಯಾರಿಗೆ ಸಿಟ್ಟು ಬರುವುದಿಲ್ಲ ಹೇಳಿ?

ಈ ಪಾತುಮ್ಮನ ಇನ್ನೊಂದು ಕ್ರಮ ಉಂಟು. ರಮ್ಜಾನಿನ ನೋಂಬು ಮುಗಿದು ಬರುವ ಹಬ್ಬಕ್ಕೆ ಬ್ಯಾರಿಗಳ ಮನೆಯಲ್ಲಿ ಪೆರ್ನಾಲ್ ಅನ್ನುತ್ತಾರೆ. ಪೆರ್ನಾಲ್ ದಿನ ಎಲ್ಲರೂ ತಿನ್ನುತ್ತಾರೆ, ಅದರಲ್ಲೇನು ವಿಶೇಷ. ಅವಳಿಗೆ ಹಬ್ಬ ಅಂದರೆ ಮರುದಿನ. ಉಳಿದದ್ದನ್ನೆಲ್ಲ ಬಿಸಿ ಮಾಡಿ, ಪಾತ್ರೆಗೆ ತುಂಬಿ, ಮಕ್ಕಳ ಕೈಯಲ್ಲೇ ಮನೆಮನೆಗೆ ಕಳಿಸುವುದು. ದೊಡ್ಡವರು ತೆಗೆದುಕೊಂಡು ಹೋಗುವ ಹಾಗಿಲ್ಲ. "ಹೊಸ ಅಂಗಿ ಹಾಕಿ ದುಡ್ಡು ಇಸ್ಕೊಳ್ಳಿಕ್ಕೆ ಮಾತ್ರ ಮಕ್ಕಳಾ? ಕೊಡ್ಲಿಕ್ಕೂ ಕಲೀಲಿ" ಅನ್ನುವುದು ಅವಳ ವಾದ. ಅದಕ್ಕೊಂದು ಕಟ್ಟಪ್ಪಣೆಯೂ ಉಂಟು: ಕೊಡುವ ಪಾತ್ರೆಯಿಂದ ಮನೆಯವರು ಒಬ್ಬರಾದರೂ ಮೊದಲು ತಿಂದಿರಬೇಕು. ತಾನು ತಿನ್ನದ್ದನ್ನು ಇನ್ನೊಬ್ಬರಿಗೆ ಕೊಟ್ಟರೆ ಅದು ದಾನ ಅಲ್ಲ, ಕಸ ದಾಟಿಸಿದ ಹಾಗೆ.

ಇಷ್ಟು ವರ್ಷ ಆ ಮಾತು ತಪ್ಪಿದ್ದಿಲ್ಲ. ಈ ವರ್ಷ ತಪ್ಪಿತು.

ಹಬ್ಬ ಮುಗಿದ ಮೇಲೆ ಹಿಡಿಯುವ ಆರು ನೋಂಬು ಅಂತ ಉಂಟು. ಕಡ್ಡಾಯವೇನಲ್ಲ, ಆ ತಿಂಗಳಲ್ಲಿ ಯಾವಾಗ ಹಿಡಿದರೂ ಆಗುತ್ತದೆ. ಆದರೆ ಕುಂಞಿಪಾತುಮ್ಮನಿಗೆ ಯಾವುದನ್ನೂ ಬಾಕಿ ಇಟ್ಟು ಗೊತ್ತಿಲ್ಲ. ಪೆರ್ನಾಲ್ ಮರುದಿನವೇ ಶುರು ಮಾಡಿಬಿಟ್ಟಳು. ಬೆಳಿಗ್ಗೆ ಬಿಸಿಯಾಗುತ್ತಿದ್ದ ಪಾಯಸದ ಎದುರು ನಿಂತು, ಇದನ್ನು ಈಗ ಯಾರು ತಿಂದು ನೋಡುವುದು ಅಂತ ಯೋಚನೆ ಬಂತು. ಕಡಲೆಬೇಳೆ ಪಾಯಸ, ತೆಂಗಿನ ಹಾಲು ಹಿಂಡಿ ಮಾಡಿದ್ದು. ಮೊಮ್ಮಗ ಜಾಸಿರ್ ಹಿಂದಿನ ದಿನ ತಿಂದ ಐಸ್‌ಕ್ರೀಮಿನ ಲೆಕ್ಕಕ್ಕೆ ಹೊಟ್ಟೆ ಹಿಡಿದು ಮಲಗಿದ್ದ. ಮೊಮ್ಮಗಳು ಅಮೀರಾ, ನಾಲ್ಕನೇ ಕ್ಲಾಸಿನವಳು, "ಸಿಹಿ ಬೇಡ ಉಮ್ಮಾಮ, ನೋಡಿದ್ರೇ ವಾಂತಿ ಬರ್ತದೆ" ಅಂದಳು. ಉಮ್ಮಾಮ ಅಂದರೆ ಅಜ್ಜಿ. ಇಬ್ರಾಹಿಮಿಗೆ ಸಕ್ಕರೆ ಕಾಯಿಲೆ. ಮಗ ಅಸ್ಕರ್ ಆಗಲೇ ಚಪ್ಪಲಿ ಅಂಗಡಿಗೆ ಹೋಗಿದ್ದ. ರಸೀನಾ ಬಚ್ಚಲಲ್ಲಿ ಬಟ್ಟೆಯ ರಾಶಿಯ ನಡುವೆ ಇದ್ದಳು.

"ನಾಲಗೆ ತುದಿಗೆ ತಾಗಿಸಿ ಉಗಿದ್ರೆ ನೋಂಬಿಗೆ ಎಂತ ಆಗುದಿಲ್ಲ ಮಾರಾಯ್ತಿ. ಅಡುಗೆ ಮಾಡುವವರಿಗೆ ಅಷ್ಟು ಬಿಟ್ಟುಕೊಟ್ಟಿದ್ದಾರೆ" ಅಂದ ಇಬ್ರಾಹಿಂ ಜಗಲಿಯಿಂದಲೇ.

"ನನ್ನ ನೋಂಬು ನನಗೆ. ನೀವು ನಿಮ್ಮ ಮಾತ್ರೆ ತಿನ್ನಿ."

ಹಟ ಅಂದರೆ ಹಟ. ಅವಳು ಪಾತ್ರೆಯ ಮೇಲೆ ಬಗ್ಗಿ ಮೂಸಿ ನೋಡಿದಳು. ಬಿಸಿ ಹಬೆಯಲ್ಲಿ ಏಲಕ್ಕಿ, ತುಪ್ಪ, ಬೆಲ್ಲ. ಚೆನ್ನಾಗಿಯೇ ಉಂಟು ಅನ್ನಿಸಿತು. ನೆಯ್‌ಚೋರು ಅಂದರೆ ತುಪ್ಪದನ್ನ, ಅದನ್ನೂ ಕೋಳಿಸಾರನ್ನೂ ಮನೆಯವರು ಬೆಳಿಗ್ಗೆಯೇ ತಿಂದಿದ್ದರು, ಅವು ಬೇರೆ ಮನೆಗಳಿಗೆ ಹೋದವು. ಪಾಯಸ ಮಾತ್ರ ಯಾವತ್ತಿನಂತೆ ಗದ್ದೆಯಾಚೆಯ ಶೀಲಾವತಿಯ ಮನೆಗೆ. ಶೀಲಾವತಿಯ ಗಂಡ ತ್ಯಾಂಪಣ್ಣ ಮರದ ಮಿಲ್ಲಿನಲ್ಲಿ ಮೇಸ್ತ್ರಿ. ಮನೆಯಲ್ಲಿ ದೈವವನ್ನು ನಂಬಿಕೊಂಡು ಬಂದವರು, ಅವತ್ತು ಸೋಮವಾರ, ಮೀನು-ಮಾಂಸ ಮುಟ್ಟುವುದಿಲ್ಲ. ಅದಕ್ಕಿಂತ ಹೆಚ್ಚಾಗಿ ಮಗಳು ಗಾನಶ್ರೀ ಹೆರಿಗೆಗೆ ತವರಿಗೆ ಬಂದಿದ್ದಳು. ಮೊದಲೊಂದು ಕೂಸು ಹೊಟ್ಟೆಯಲ್ಲೇ ಹೋಗಿ, ವರ್ಷಗಟ್ಟಲೆ ಕಾದು, ಹರಕೆ ಹೊತ್ತು, ಈಗ ಮತ್ತೆ ತುಂಬಿದ ಬಸುರಿ. ಬಸುರಿಗೆ ಸಿಹಿ ಹೋಗಬೇಕು ಅಂತ ಕುಂಞಿಪಾತುಮ್ಮ ಈ ಸಲ ದೊಡ್ಡ ಪಾತ್ರೆಯಲ್ಲೇ ತುಂಬಿದಳು.

"ಗಾನಕ್ಕನ ಕೈಯಲ್ಲೇ ಕೊಡು" ಅಂತ ಅಮೀರಾಳಿಗೆ ಹೇಳಿ ಕಳಿಸಿದಳು. ಅಮೀರಾ ಹೊಸ ಗೌನಿನ ಚುಂಗು ಎತ್ತಿಕೊಂಡು, ಪಾತ್ರೆ ಹೊತ್ತು, ಗದ್ದೆಯ ಹುಣಿಯಲ್ಲಿ, ಆ ಸಪೂರ ಬದುವಿನ ಮೇಲೆ, ಸರ್ಕಸ್ಸಿನವಳ ಹಾಗೆ ನಡೆದು ಹೋದಳು. ಬರುವಾಗ ಗಾನಶ್ರೀ ಕೊಟ್ಟ ಚಾಕ್ಲೇಟು ಬಾಯಲ್ಲಿತ್ತು.

ಮಧ್ಯಾಹ್ನದ ನಮಾಜು ಮುಗಿಸಿ ಕುಂಞಿಪಾತುಮ್ಮ ಚಾಪೆ ಮಡಚುತ್ತಿದ್ದಳು. ಅಡುಗೆಮನೆಯಿಂದ ರಸೀನಾಳ ಸ್ವರ ಬಂತು. "ಉಮ್ಮಾ, ಒಮ್ಮೆ ಇಲ್ಲಿ ಬನ್ನಿ." ಯಾವತ್ತಿನ ಸಿಟ್ಟಿನ ಸ್ವರ ಅಲ್ಲ ಅದು. ಕುಂಞಿಪಾತುಮ್ಮ ಚಾಪೆ ಹಾಗೇ ಬಿಟ್ಟು ಹೋದಳು.

ಅಡಿಯಲ್ಲಿ ಸ್ವಲ್ಪ ಪಾಯಸ ಉಳಿದಿದ್ದ ಪಾತ್ರೆಯ ಮುಚ್ಚಳ ತೆಗೆದು ರಸೀನಾ ನಿಂತಿದ್ದಳು. ಅಂಚಿನಲ್ಲಿ ಸಣ್ಣಸಣ್ಣ ನೊರೆಗುಳ್ಳೆ. ಆರಿದ ಮೇಲೆ ಏಲಕ್ಕಿಯ ಪರಿಮಳ ಎಲ್ಲೋ ಅಡಗಿ, ಹುಳಿ ನಾತ ಮೂಗಿಗೆ ಹೊಡೆಯುತ್ತಿತ್ತು.

"ಹಳಸಿದೆ ಉಮ್ಮಾ. ರಾತ್ರಿ ಸಿಡಿಲಿಗೆ ಕರೆಂಟು ಹೋಗಿ ಬೆಳಿಗ್ಗೆ ಬಂದದ್ದಂತೆ. ಫ್ಯಾನು ಇನ್ವರ್ಟರಲ್ಲಿ ತಿರುಗ್ತಾ ಇತ್ತಲ್ಲ, ನಮಗೆ ಯಾರಿಗೂ ಗೊತ್ತೇ ಆಗ್ಲಿಲ್ಲ. ಫ್ರಿಜ್ಜು ಇಡೀ ರಾತ್ರಿ ಬಂದ್." ರಸೀನಾ ಅತ್ತೆಯ ಮುಖ ನೋಡಿದಳು. "ಇದನ್ನು ಯಾರಿಗೂ ಕೊಡ್ಲಿಲ್ಲ ಅಲ್ಲವಾ?"

ಕುಂಞಿಪಾತುಮ್ಮ ಗದ್ದೆಯಾಚೆಗೆ ತಿರುಗಿ ನೋಡಿದಳು. ಎದೆ ಧಸಕ್ಕೆಂದದ್ದು ಪಕ್ಕದವರಿಗೂ ಕೇಳಿಸಿರಬೇಕು. ಯಾ ಅಲ್ಲಾ! ಉಳಿದವರಿಗೆ ಹೋಗಿದ್ದರೆ ಬೇರೆ ಮಾತು, ಹೊಟ್ಟೆ ಕೆಟ್ಟು ಎರಡು ಸಲ ಓಡಾಡಿ ಸರಿಯಾಗುತ್ತಿದ್ದರು. ಹೋದದ್ದು ಬಸುರಿಯ ಕೈಗೆ. ಅದೂ ಒಮ್ಮೆ ಕಳಕೊಂಡ ಬಸುರಿಯ ಕೈಗೆ.

ಫೋನು ಮಾಡಿದರೆ ಶೀಲಾವತಿ ಎತ್ತಲಿಲ್ಲ. ಇನ್ನು ಕಾಯುವುದು ಹೇಗೆ? ತಲೆಯ ಮೇಲೆ ಬಟ್ಟೆ ಎಳೆದುಕೊಂಡು ಅವಳು ಗದ್ದೆಗೆ ಇಳಿದೇಬಿಟ್ಟಳು. ಮಂಡಿನೋವಿನ ಹೆಂಗಸು, ಹುಣಿಯ ಮೇಲೆ ಓಡಿದಳು ಅಂದರೆ ನಂಬಬೇಕು. ಹಿಂದೆ ಅಮೀರಾ. "ಉಮ್ಮಾಮ, ಎಂತ ಆಯ್ತು? ಎಂತಕ್ಕೆ ಓಡುದು?" ಅಜ್ಜಿ ಹಿಂದೆ ತಿರುಗದೆ ಓಡಿದಳು. ತಿಂದಿರಬಾರದು, ಊಟದ ನಂತರಕ್ಕೆ ಎತ್ತಿಟ್ಟಿರಲಿ, ಇನ್ನೂ ಹಾಗೇ ಇರಲಿ. ಮನಸ್ಸಿನಲ್ಲಿ ಇದೊಂದೇ ಜಪ.

ಶೀಲಾವತಿಯ ಮನೆಗೆ ಬೀಗ. ಒಳಗೆ ಮೊಬೈಲು ಬಡಕೊಳ್ಳುತ್ತಿತ್ತು, ರಸೀನಾ ಅಲ್ಲಿಂದ ಮತ್ತೆ ಮಾಡುತ್ತಿದ್ದಳು. ಹಿತ್ತಲಿಗೆ ಹೋಗಿ ನೋಡಿದರೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅವಳ ದೊಡ್ಡ ಪಾತ್ರೆ. ಖಾಲಿ. ಚೆನ್ನಾಗಿ ತಿಕ್ಕಿ, ತೊಳೆದು, ಬಿಸಿಲಿಗೆ ಕವುಚಿ ಹಾಕಿದ್ದರು.

ಜನ್ಮದಲ್ಲಿ ಅವಳಿಗೆ ಖಾಲಿ ಪಾತ್ರೆ ಕಂಡಷ್ಟು ಸಂತೋಷ ಬೇರೆ ಯಾವುದರಿಂದಲೂ ಆದದ್ದಿಲ್ಲ. ಇವತ್ತು ಅದನ್ನು ಎತ್ತಿಕೊಳ್ಳಲೂ ಮನಸ್ಸಾಗಲಿಲ್ಲ. ಅಲ್ಲೇ ಕಲ್ಲಿಗೆ ಒರಗಿ ನಿಂತಳು.

ಎದುರು ಮನೆಯ ಮೊಯ್ದಿನಬ್ಬ, ರಿಕ್ಷಾ ಓಡಿಸುವವನು, ಬೇಲಿಯ ಆಚೆಯಿಂದ ಕೂಗಿ ಹೇಳಿದ. "ಅವರಿಲ್ಲ ಪಾತುಮ್ಮಕ್ಕ. ಆ ಹುಡುಗಿಗೆ ಒಮ್ಮೆಗೇ ವಾಂತಿ, ಹೊಟ್ಟೆನೋವು. ತ್ಯಾಂಪಣ್ಣ ಯಾರದ್ದೋ ಕಾರು ಮಾಡಿ ಪುತ್ತೂರಿಗೆ ಕೊಂಡುಹೋದ್ರು. ನಾನೇ ಎತ್ತಿ ಕೂರಿಸಿದ್ದು. ಬೆವರಿ ಬೆವರಿ ಹಣ್ಣಾಗಿದ್ದಳು ಪಾಪ."

ಮನೆಗೆ ಹೇಗೆ ವಾಪಸು ಬಂದಳೋ ಅವಳಿಗೆ ನೆನಪಿಲ್ಲ. ಊಟಕ್ಕೆ ಬಂದಿದ್ದ ಅಸ್ಕರ್ ವಿಷಯ ಕೇಳಿ ಬಾಗಿಲು ಎಳೆದು ಹಾಕಿದ. ತ್ಯಾಂಪಣ್ಣನಿಗೆ ಫೋನು ಮಾಡಿದ. ರಿಂಗಾಗಿ ರಿಂಗಾಗಿ ಕಟ್ಟಾಯಿತು. ಎರಡನೇ ಸಲ ಮಾಡಲು ಅವನ ಬೆರಳು ಮುಂದೆ ಬರಲಿಲ್ಲ.

"ಉಮ್ಮಾ, ನೀವು ಎಲ್ಲಿಗೂ ಹೋಗ್ಬೇಡಿ. ಯಾರ ಹತ್ರವೂ ಎಂತದೂ ಹೇಳ್ಬೇಡಿ. ಉಳಿದ ಪಾಯಸ ಚೆಲ್ಲಿ ಆ ಪಾತ್ರೆ ತೊಳೆದು ಇಡಿ." ಅವನು ಫೋನನ್ನು ಜೇಬಿಗೆ ಹಾಕಿದ. "ಈಗಿನ ಕಾಲ ನಿಮಗೆ ಗೊತ್ತುಂಟಲ್ಲ. ನಮ್ಮ ಮನೆಯ ಪಾಯಸ ತಿಂದು ಅವರ ಮನೆಯ ಬಸುರಿ ಹೀಗಾದಳು ಅಂತ ಒಬ್ಬ ಬಾಯಿ ಬಿಟ್ರೆ ಸಾಕು. ಸಂಜೆಯೊಳಗೆ ಕುಂಬ್ರದಿಂದ ಸಂಪಾಜೆವರೆಗೆ ಎಲ್ಲರ ಮೊಬೈಲಲ್ಲಿ ಓಡ್ತದೆ. ಬೇಕೂಂತ ಕೊಟ್ಟದ್ದು ಅಂತ ಒಬ್ಬ ಸೇರಿಸ್ತಾನೆ, ಅದಕ್ಕೆ ಇನ್ನೊಬ್ಬ ಬಣ್ಣ ಹಚ್ತಾನೆ. ನನ್ನ ಅಂಗಡಿ ರಸ್ತೆ ಬದಿಯಲ್ಲೇ ಉಂಟು."

ಅವನನ್ನು ಬೈಯಲು ನನಗಂತೂ ಮನಸ್ಸಿಲ್ಲ. ಹೆಂಡತಿ-ಮಕ್ಕಳಿರುವವನು, ಹೆದರಿದ. ಹೆದರಬೇಕಾದ ಕಾಲ ಅಲ್ಲ ಅಂತ ಹೇಳಲು ನನ್ನ ಹತ್ತಿರ ಧೈರ್ಯ ಎಲ್ಲಿಂದ ಬರಬೇಕು? ಬಾಯಿಗೆ ಬೀಗವಿಲ್ಲದ ಇಬ್ರಾಹಿಮನೇ ಗೋಡೆ ನೋಡುತ್ತ ಕೂತುಬಿಟ್ಟಿದ್ದ.  ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಅನ್ನುವ ಆಸೆಯೂ ಒಮ್ಮೆ ಕುಂಞಿಪಾತುಮ್ಮನ ಮನಸ್ಸಿನಲ್ಲಿ ಇಣುಕಿತು, ಸುಳ್ಳು ಯಾಕೆ ಹೇಳಲಿ.

ಆಗ ಬಾಗಿಲ ಮೂಲೆಯಲ್ಲಿ ನಿಂತಿದ್ದ ಅಮೀರಾ ಕೇಳಿದಳು. "ಉಮ್ಮಾಮ, ನಾನು ಕೊಟ್ಟದ್ದರಿಂದಲಾ?"

ಅಸ್ಕರ್ ಆಚೆ ತಿರುಗಿದ.

"ಗಾನಕ್ಕನ ಕೈಯಲ್ಲೇ ಕೊಟ್ಟೆ ನಾನು. ಪಾಪುವಿಗೂ ಕೊಡಿ ಅಂತ ಹೇಳಿದೆ. ಗಾನಕ್ಕ ನಗಾಡಿದ್ರು." ಮಗುವಿನ ತುಟಿ ಬಿಳಿಚಿಕೊಂಡಿತ್ತು. "ಪಾಪು ಸಾಯ್ತದಾ?"

"ಬಾಯಿ ಮುಚ್ಚು!" ಅಂತ ಅಸ್ಕರ್ ಗದರಿದ. ಮಗು ಅಳಲಿಲ್ಲ. ಅತ್ತಿದ್ದರೆ ಒಳ್ಳೆಯದಿತ್ತು. ಕಣ್ಣು ಅಗಲ ಮಾಡಿಕೊಂಡು ತನ್ನ ಎರಡು ಕೈಗಳನ್ನೇ ನೋಡುತ್ತ ನಿಂತಿತು.

ಆಗ ರಸೀನಾ ಒಂದು ಸಣ್ಣ ಸ್ಟೀಲ್ ಡಬ್ಬಿಗೆ ಹಳಸಿದ ಪಾಯಸ ಸುರಿದು, ಮುಚ್ಚಿ, ಅತ್ತೆಯ ಕೈಗೆ ಕೊಟ್ಟಳು. "ಎಂತ ತಿಂದದ್ದು ಅಂತ ಡಾಕ್ಟ್ರಿಗೆ ಗೊತ್ತಾಗ್ಬೇಡವಾ? ಗೊತ್ತಿಲ್ಲದೆ ಬೇರೆ ಯಾವುದೋ ಮದ್ದು ಕೊಟ್ರೆ? ಹೋಗಿ ಉಮ್ಮಾ. ಇವರು ಹೇಳಿದ್ದನ್ನು ನಾನು ನೋಡಿಕೊಳ್ತೇನೆ."

ಕುಂಞಿಪಾತುಮ್ಮ ಸೊಸೆಯ ಮುಖವನ್ನು ಮೊದಲ ಸಲ ನೋಡುವವಳ ಹಾಗೆ ನೋಡಿದಳು. ಆಮೇಲೆ ಅಮೀರಾಳ ಕೈ ಹಿಡಿದು, "ಬಾ. ಕೊಟ್ಟದ್ದು ನೀನಲ್ಲ, ನಾನು" ಅಂದಳು. ಈ ಮಗುವನ್ನು ಮನೆಯಲ್ಲಿ ಬಿಟ್ಟರೆ ಅದರ ತಲೆಯೊಳಗೆ ಆ ಪ್ರಶ್ನೆ ಕೂತೇ ಇರುತ್ತದೆ ಅನ್ನುವ ಭಯ ಅವಳಿಗೆ.

ಮೊಯ್ದಿನಬ್ಬನ ರಿಕ್ಷಾದಲ್ಲಿ ಹೊರಟರು, ಯಾವ ಆಸ್ಪತ್ರೆ ಅಂತ ಅವನಿಗೆ ಗೊತ್ತಿತ್ತು. ಬಿಸಿಲಿಗೆ ಡಾಂಬರು ಕುದಿಯುತ್ತಿತ್ತು. ನೋಂಬಿನ ಬಾಯಿ ಒಣಗಿ ನಾಲಗೆ ಅಂಗುಳಿಗೆ ಅಂಟಿತ್ತು, ಆದರೆ ಅದು ಬಾಯಾರಿಕೆಯೋ ಹೆದರಿಕೆಯೋ ಅವಳಿಗೇ ತಿಳಿಯಲಿಲ್ಲ. ಸಂಪ್ಯ ದಾಟಿತು. ಡಬ್ಬಿಯನ್ನು ಸೆರಗಿನೊಳಗೆ ಒತ್ತಿ ಹಿಡಿದಿದ್ದಳು. ಯಾರಾದರೂ ಕೇಳಿದರೆ ಏನು ಹೇಳುವುದು? ತ್ಯಾಂಪಣ್ಣ ಸಿಟ್ಟಿನವನು. ಎಲ್ಲರ ಎದುರು ಕೈ ಎತ್ತಿದರೆ? ಎತ್ತಲಿ. ಗಾನಶ್ರೀಯ ಗಂಡನ ಕಡೆಯವರು ಬಂದಿದ್ದರೆ? ಬಂದಿರಲಿ. ಆದರೆ ಆಸ್ಪತ್ರೆಯ ಬಾಗಿಲಲ್ಲಿ ಶೀಲಾವತಿ ಎದೆ ಬಡಿದುಕೊಂಡು ಅಳುತ್ತ ಕೂತಿದ್ದರೆ?  "ರಬ್ಬೇ, ನನ್ನ ಆಯುಸ್ಸು ತೆಗೆದು ಆ ಕೂಸಿಗೆ ಹಾಕು" ಅಂತ ಗಟ್ಟಿಯಾಗಿಯೇ ಅಂದುಬಿಟ್ಟಳು. ಮೊಯ್ದಿನಬ್ಬ ಕನ್ನಡಿಯಲ್ಲಿ ಒಮ್ಮೆ ನೋಡಿ, ಏನೂ ಕೇಳದೆ ಗಾಡಿಯ ವೇಗ ಹೆಚ್ಚಿಸಿದ. ಮುಕ್ರಂಪಾಡಿ ಬಂತು, ದರ್ಬೆ ಬಂತು. ಅಮೀರಾ ಅಜ್ಜಿಯ ತೋಳಿಗೆ ಮುಖ ಒತ್ತಿ ಕೂತಿದ್ದಳು.

ಆಸ್ಪತ್ರೆಯ ಮೇಲಿನ ಮಾಳಿಗೆಯಲ್ಲಿ ಹೆರಿಗೆ ವಾರ್ಡು. ಉದ್ದ ಬೆಂಚಿನ ತುದಿಯಲ್ಲಿ ಶೀಲಾವತಿ ಒಬ್ಬಳೇ ಕೂತಿದ್ದಳು. ಅಡುಗೆಮನೆಯ ಮಾಸಲು ಸೀರೆ, ಕೂದಲು ಕೆದರಿತ್ತು. ತ್ಯಾಂಪಣ್ಣ ಕೆಳಗೆ ಮದ್ದು ತರಲು ಹೋಗಿದ್ದ. ಇವಳನ್ನು ಕಂಡವಳೇ ಶೀಲಾವತಿ ಎದ್ದು ನಿಂತಳು. "ಅಯ್ಯೋ ಪಾತುಮ್ಮಕ್ಕ, ಈ ಬಿಸಿಲಲ್ಲಿ ನೋಂಬು ಹಿಡಿದು..."

ಆ ಪ್ರೀತಿಯ ಮಾತು ಕೇಳಿ ಕುಂಞಿಪಾತುಮ್ಮನಿಗೆ ಇನ್ನೂ ಹೆದರಿಕೆಯಾಯಿತು. ಬೈದಿದ್ದರೆ ತಡೆಯಬಹುದಿತ್ತು. ಅಷ್ಟರಲ್ಲಿ ಬಾಗಿಲು ತೆರೆದು ಡಾಕ್ಟರಮ್ಮ ಹೊರಗೆ ಬಂದರು. ಈಗ ಹೇಳದಿದ್ದರೆ ಇನ್ನು ಬಾಯಿ ಬರುವುದಿಲ್ಲ ಅಂತ ಗೊತ್ತಾಗಿ, ಅವಳು ನೇರ ಅವರ ದಾರಿಗೆ ಅಡ್ಡ ನಿಂತಳು. ಡಬ್ಬಿ ಮುಂದೆ ಚಾಚಿದಳು. 

"ಡಾಕ್ಟ್ರೇ, ಇದು ನೋಡಿ. ನನ್ನ ಮನೆಯ ಪಾಯಸ. ಹಳಸಿದೆ. ನಾನು ರುಚಿ ನೋಡದೆ ಇವರ ಮನೆಗೆ ಕಳಿಸಿದೆ. ಆ ಹುಡುಗಿ ಇದನ್ನೇ ತಿಂದದ್ದು. ನೀವು ಇದಕ್ಕೆ ಸರಿಯಾದ ಮದ್ದು ಕೊಡಿ. ಪೊಲೀಸಿಗೆ ಹೇಳುದಾದ್ರೆ ನನ್ನ ಹೆಸರು ಹೇಳಿ, ಕುಂಞಿಪಾತುಮ್ಮ. ಮಗು ಕೊಂಡುಹೋಗಿ ಕೊಟ್ಟದ್ದು ಮಾತ್ರ, ಅದಕ್ಕೆ ಎಂತದೂ ಗೊತ್ತಿಲ್ಲ."

ವರಾಂಡದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಡಾಕ್ಟರಮ್ಮ ಡಬ್ಬಿ ತೆಗೆದು, ಮೂಸಿ, ಮುಖ ಕಿವುಚಿ, ಶೀಲಾವತಿಯ ಕಡೆ ತಿರುಗಿದರು. "ಎಷ್ಟು ತಿಂದಿದ್ದಾಳೆ ಇದನ್ನು? ನೀವು ಹೇಳಲೇ ಇಲ್ಲವಲ್ಲ ನನಗೆ?"

ಶೀಲಾವತಿಯ ಮುಖ ಕಪ್ಪಿಟ್ಟಿತು. ಅವಳು ಒಮ್ಮೆ ಕುಂಞಿಪಾತುಮ್ಮನನ್ನು ನೋಡಿದಳು, ಒಮ್ಮೆ ಅಮೀರಾಳನ್ನು. ಸುಮ್ಮನೆ ಒಂದು ಸುಳ್ಳು ಹೇಳಿ ಜಾರಿಕೊಳ್ಳಬಹುದಿತ್ತು, ಒಂದು ಚಮಚ ತಿಂದಿರಬೇಕು ಅಂದರೆ ಮುಗಿಯುತ್ತಿತ್ತು. ಆದರೆ ಒಳಗೆ ಮಲಗಿದ್ದು ಮಗಳು.

"ಅವಳು ತಿನ್ಲಿಲ್ಲ ಡಾಕ್ಟ್ರೇ."

"ಸರಿಯಾಗಿ ಹೇಳಿ. ಸ್ವಲ್ಪವೂ?"

"ಯಾರೂ ತಿನ್ಲಿಲ್ಲ. ನಾನು ಆಗಲೇ ತೆಂಗಿನ ಬುಡಕ್ಕೆ ಚೆಲ್ಲಿದೆ." ಸ್ವರ ಎಷ್ಟು ಸಣ್ಣದಾಗಿತ್ತೆಂದರೆ ಡಾಕ್ಟರಮ್ಮ ಬಗ್ಗಿ ಕೇಳಬೇಕಾಯಿತು.

"ಹಾಗಾದ್ರೆ ಇದರಿಂದ ಅಲ್ಲವೇ ಅಲ್ಲ" ಅಂದರು ಡಾಕ್ಟರಮ್ಮ ಡಬ್ಬಿ ವಾಪಸು ಕೊಟ್ಟು. "ಮೂತ್ರದ ಸೋಂಕು. ಅದರ ಜ್ವರಕ್ಕೆ ವಾಂತಿ, ಹೊಟ್ಟೆನೋವು ಎಲ್ಲ. ಡ್ರಿಪ್ ಹಾಕಿದ್ದೇವೆ, ನೋವು ಇಳೀತಾ ಉಂಟು. ಮಗುವಿನ ಎದೆಬಡಿತ ಚೆನ್ನಾಗಿದೆ. ಹೆದರಬೇಡಿ."

"ಅಲ್‌ಹಮ್ದುಲಿಲ್ಲಾ!" ಕುಂಞಿಪಾತುಮ್ಮ ಎಷ್ಟು ಜೋರಾಗಿ ಕೂಗಿದಳೆಂದರೆ ನರ್ಸು ಬಂದು ಶ್ ಅಂದಳು. ಬೆಂಚಿನ ಮೇಲೆ ಕುಸಿದು, ಅಮೀರಾಳನ್ನು ಬಾಚಿ ತಬ್ಬಿ, "ಕೇಳಿದೆಯಾ, ತಿನ್ಲಿಲ್ಲ, ಚೆಲ್ಲಿದ್ದು, ಚೆಲ್ಲಿದ್ದು" ಅಂತ ಹೇಳಿದ್ದನ್ನೇ ಹೇಳಿದಳು. ಅಲ್ಲಿಯವರೆಗೆ ಗಟ್ಟಿಯಾಗಿದ್ದ ಮಗು ಈಗ ಭೋ ಅಂತ ಅತ್ತುಬಿಟ್ಟಿತು. ಅನ್ನ ಚೆಲ್ಲಿದ ಸುದ್ದಿ ಕೇಳಿ ಅಲ್ಲಾಹನಿಗೆ ಶುಕ್ರ್ ಹೇಳುವ ದಿನ ಈ ಹೆಂಗಸಿಗೆ ಬರುತ್ತದೆ ಅಂತ ಕುಂಬ್ರದಲ್ಲಿ ಯಾರು ತಾನೇ ಎಣಿಸಿದ್ದರು!

ಮಗುವಿನ ಅಳು ನಿಂತಿತು. ಎದೆಯ ಬಡಿತ ಇಳಿಯಿತು. ಆಮೇಲೆ ನಿಧಾನಕ್ಕೆ ಇನ್ನೊಂದು ಹೆದರಿಕೆ ಬಂದು ಅವಳ ಪಕ್ಕದಲ್ಲಿ ಕೂತಿತು. ಕೇಳಬೇಕೋ ಬೇಡವೋ? ಕೇಳಿದರೆ ಉತ್ತರ ಬರುತ್ತದೆ. ಕೇಳದಿದ್ದರೆ ಇನ್ನುಳಿದ ಆಯುಸ್ಸು ಪೂರ್ತಿ ಆ ಹುಣಿಯ ಮೇಲೆ ನಡೆಯಲಾಗುವುದಿಲ್ಲ.

"ಶೀಲಾ. ಹಾಳಾಗಿದೆ ಅಂತ ಗೊತ್ತಾಗಿ ಚೆಲ್ಲಿದ್ದಾ?"

ಶೀಲಾವತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. "ಇಲ್ಲ ಪಾತುಮ್ಮಕ್ಕ. ಮುಚ್ಚಳ ತೆಗೆದೇ ನೋಡ್ಲಿಲ್ಲ ನಾನು."

"ಪ್ರತಿ ಸಲವೂ?"

"ಅತ್ತೆ ಇದ್ದಾಗ ಅವರದ್ದು ಕಟ್ಟು. ಚಾವಡಿಯಲ್ಲಿ ದೈವದ ಮಂಚ ಉಂಟಲ್ಲ, ಹೊರಗೆ ಬೇಯಿಸಿದ್ದು ಒಳಗೆ ಬರಬಾರದು ಅಂತ. ಹೊಸದಾಗಿ ಬಂದ ಸೊಸೆ ನಾನು, ಎಂತ ಹೇಳುದು? ಕೊಟ್ಟವರಿಗೆ ಬೇಜಾರಾಗಬಾರದು ಅಂತ ತಕ್ಕೊಳ್ಳುದು, ಆಮೇಲೆ ಚೆಲ್ಲುದು." ಅವಳು ಮೂಗು ಒರೆಸಿಕೊಂಡಳು. "ಅತ್ತೆ ತೀರಿಹೋಗಿ ಎಷ್ಟೋ ಕಾಲ ಆಯ್ತು. ಆದ್ರೂ ನನಗೆ ಹೆದರಿಕೆ. ಗಾನನ ಮೊದಲಿನ ಕೂಸು ಹೋದ ಮೇಲೆ ಎಲ್ಲದಕ್ಕೂ ಹೆದರಿಕೆ. ಎಲ್ಲಿ ಎಂತ ತಪ್ಪಾಯ್ತೋ ಅಂತ. ನಿಮ್ಮ ಮೇಲೆ ಎಂತದೂ ಇಲ್ಲ ಪಾತುಮ್ಮಕ್ಕ, ಆಣೆಗೂ ಇಲ್ಲ."

 ಈ ಮನೆಗೂ ಹೋಗುತ್ತದೆ ಅಂತ ಕುಂಞಿಪಾತುಮ್ಮ ವರ್ಷವೂ ಹಾಕಿದ ಒಳ್ಳೆಯ ಬೆಲ್ಲ, ಗೋಡಂಬಿ, ಮೊದಲು ಹಿಂಡಿದ ಗಟ್ಟಿ ಹಾಲು ಎಲ್ಲ ಕಣ್ಣಮುಂದೆ ಬಂತು. ಅಸ್ಕರ್ ಚಿಕ್ಕವನಿದ್ದಾಗ ಅವನ ಕೈಯಲ್ಲಿ ಕಳಿಸಿದ್ದಳು, ಈಗ ಅವನ ಮಗಳ ಕೈಯಲ್ಲಿ. ಸಿಟ್ಟು ಬರಬೇಕಿತ್ತು. ಬಂತು ಕೂಡ. ಎದ್ದು ಹೋಗಿಬಿಡಬೇಕು ಅನ್ನಿಸಿತು. ಆದರೆ ಒಳಗಿನಿಂದ ಗಾನಶ್ರೀ ನರಳಿದ್ದು ಕೇಳಿಸಿ ಇಬ್ಬರೂ ಒಟ್ಟಿಗೇ ಎದ್ದು ಬಾಗಿಲಿಗೆ ಕಿವಿ ಕೊಟ್ಟರು. ನರ್ಸು ಇಣುಕಿ, "ಎಂತ ಇಲ್ಲ, ಮಗ್ಗುಲು ತಿರುಗಿದ್ದು" ಅಂದಳು. ಇಬ್ಬರೂ ವಾಪಸು ಬಂದು ಬೆಂಚಿನ ಒಂದೇ ತುದಿಯಲ್ಲಿ ಕೂತರು.

ಸಂಜೆಯಾಯಿತು. ಅಸ್ಕರ್ ಬಂದ, ತಲೆ ತಗ್ಗಿಸಿಕೊಂಡು. ಕೈಯಲ್ಲಿ ಟಿಫಿನ್ ಡಬ್ಬಿ. "ನೋಂಬು ಬಿಡ್ಲಿಕ್ಕೆ ಅಂತ ರಸೀನಾ ಕಳಿಸಿದ್ದು. ಅಕ್ಕಿಹಿಟ್ಟಿನ ಪತ್ತಿರಿ, ಈಗ ಸುಟ್ಟದ್ದು. ತಾನು ತಿಂದು ನೋಡಿಯೇ ಹಾಕಿದ್ದಂತೆ." ತಾಯಿಯ ಮುಖ ನೋಡದೆ ಅವನು ತ್ಯಾಂಪಣ್ಣನನ್ನು ಹುಡುಕಿಕೊಂಡು ಕೆಳಗೆ ಹೋದ.

ದೂರದ ಮಸೀದಿಯ ಬಾಂಗ್ ಕೇಳಿಸಿತು. ಕುಂಞಿಪಾತುಮ್ಮ ಖರ್ಜೂರ ಬಾಯಿಗೆ ಹಾಕಿ, ನೀರು ಕುಡಿದು, ಪತ್ತಿರಿಯ ಡಬ್ಬಿ ತೆರೆದಳು. ಬೆಳಗಿನಿಂದ ಏನೂ ತಿನ್ನದ ಹೆಂಗಸು ಒಂದು ತುಂಡು ಮುರಿದು ಬಾಯಿಗಿಟ್ಟು ಅಗಿದಳು. ಪಕ್ಕದಲ್ಲಿ ಶೀಲಾವತಿಯೂ ಬೆಳಗಿನಿಂದ ಉಪವಾಸವೇ, ಯಾರ ಅಪ್ಪಣೆಯೂ ಇಲ್ಲದ ಉಪವಾಸ. ಒಂದು ತುಂಡು ಮುಂದೆ ಹಿಡಿಯಬೇಕು ಅಂತ ಕುಂಞಿಪಾತುಮ್ಮನ ಕೈ ಅರ್ಧ ಎದ್ದಿತು. ಎದ್ದ ಕೈ ಹಾಗೇ ಮಡಿಲಿಗೆ ಬಿತ್ತು. ಜೀವಮಾನವಿಡೀ ಕೊಟ್ಟ ಕೈಗೆ ಇವತ್ತು ಕೊಡಲು ಧೈರ್ಯ ಇರಲಿಲ್ಲ.

ಅಮೀರಾಳಿಗೆ ಅದೆಲ್ಲ ಎಲ್ಲಿ ಗೊತ್ತು. ದೊಡ್ಡವರ ಮಾತುಕತೆ ಅವಳ ಕಿವಿಗೆ ಬಿದ್ದಿತ್ತೋ ಇಲ್ಲವೋ, ಅತ್ತು ಅತ್ತು ಹಸಿದಿದ್ದ ಮಗು ಡಬ್ಬಿಯಿಂದ ಒಂದು ಪತ್ತಿರಿ ತೆಗೆದು ಎರಡು ಮಾಡಿ, ಒಂದನ್ನು ಕಚ್ಚಿತು. ಇನ್ನೊಂದನ್ನು ಶೀಲಾವತಿಯ ಕಡೆ ಚಾಚಿತು. "ತಿನ್ನಿ ಶೀಲಜ್ಜಿ. ಇದು ಹಾಳಾಗ್ಲಿಲ್ಲ."

ಕುಂಞಿಪಾತುಮ್ಮನ ಜೀವ ಬಾಯಿಗೆ ಬಂತು. ಬೇಡ ಮಗಳೇ ಅಂತ ಆ ಪುಟ್ಟ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಬೇಕು ಅನ್ನಿಸಿತು. ಕೈ ಗಾಳಿಯಲ್ಲೇ ಇತ್ತು. ಶೀಲಾವತಿ ಅದನ್ನು ನೋಡುತ್ತಲೇ ಇದ್ದಳು, ಮುಚ್ಚಿದ ವಾರ್ಡಿನ ಬಾಗಿಲನ್ನು ಒಮ್ಮೆ ನೋಡಿದಳು, ಮತ್ತೆ ಕೈಯನ್ನು ನೋಡಿದಳು. ಆಮೇಲೆ ಅದನ್ನು ತೆಗೆದುಕೊಂಡು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು.  ಅವಳು ಅದನ್ನು ಅಗಿದು ನುಂಗುವವರೆಗೆ ಕುಂಞಿಪಾತುಮ್ಮ ಉಸಿರು ಬಿಗಿಹಿಡಿದು ಅವಳ ಗಂಟಲನ್ನೇ ನೋಡುತ್ತಿದ್ದಳು.